ಅಕ್ಕಿಯಲ್ಲಿ ಬರೆದ ಹೆಸರು

ಸೆಪ್ಟೆಂಬರ್ 8

…‘ಆಕಿಗೆ ನೀರು ಬಿಡೋ ಮುಂದ ಬಿಸಲಿಗೆ ಬೆನ್ನು ಮಾಡಬ್ಯಾಡ’ ಎಂದದ್ದು ಅಪ್ಪನೇ ಇರಬೇಕು. ‘ಆಕಿ’ ಯಾರೆಂದು ಹೇಳಿದ್ದನೋ ಇಲ್ಲವೋ ನೆನಪಿಲ್ಲ. ಇವತ್ತು ಪಕ್ಷಮಾಸ ಹಿಡಿದಿದೆ. ತರ್ಪಣ ಕೊಡುವುದನ್ನು ನಾನು ನಿಲ್ಲಿಸಿ ಬಹಳ ಕಾಲವಾಯಿತು. ಹೆಸರುಗಳು ಮಾತ್ರ ಮಗ್ಗಿಯ ಹಾಗೆ ಬಾಯಲ್ಲಿ ಉಳಿದಿವೆ.

ಅವು ಹೊರಗೆ ಬಂದದ್ದು ದಿಯಾಳಿಂದ. ಮಗಳು ಇಲ್ಲಿಂದ ಮೂರು ಗಂಟೆ ದಾರಿಯ ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ಈಗ ವಂಶವೃಕ್ಷ ಮಾಡುವ ಹುಚ್ಚು ಹತ್ತಿದೆ. ಫೋನಿನಲ್ಲಿ ತರ್ಪಣದ ಕ್ರಮದಲ್ಲೇ ಹೇಳುತ್ತ ಹೋದೆ. ಭಿಕೂ, ಧೋಂಡೂಬಾಯಿ. ಮೊದಲಿನ ಕೂಸುಗಳು ಉಳಿಯದಿದ್ದಾಗ ಸಾವಿನ ಕಣ್ಣು ತಪ್ಪಿಸಲು ಇಟ್ಟ ಹೆಸರುಗಳು. ಒಂದು ಭಿಕಾರಿ, ಇನ್ನೊಂದು ಕಲ್ಲು. ಅವಳಿಗೆ ಖುಷಿಯಾಯಿತು. ಆಮೇಲೆ ಮುತ್ತಜ್ಜ ವೆಂಕಟಗಿರಿ, ಅವನ ನಾಲ್ವರು ಹೆಂಡತಿಯರು: ರಾಧಾಬಾಯಿ, ಗೋದಾಬಾಯಿ, ಬಿಸಿಲಾಬಾಯಿ, ತುಳಸಾಬಾಯಿ.

"ಬಿಸಿಲಾ? ಲೈಕ್, ಸನ್‌ಲೈಟ್? ಸೋ ಪ್ರಿಟಿ! ಅವರ ಊರು ಯಾವ್ದು?"

"ಗೊತ್ತಿಲ್ಲ."

"ಪೇರೆಂಟ್ಸ್?"

ಉಳಿದ ಮೂವರ ತಂದೆಯ ಹೆಸರು, ಊರು ನನಗೆ ಗೊತ್ತಿತ್ತು. ಈಕೆಯದು ಹೆಸರಾಚೆಗೆ ಏನೂ ಇರಲಿಲ್ಲ.

"ಅಪ್ಪಾ, ದಿಸ್ ಲೇಡಿ ಕೇಮ್ ಫ್ರಮ್ ನೋವೇರ್," ಎಂದಳು ದಿಯಾ.

ಈ ದಿನಚರಿ ಶುರುಮಾಡುವಾಗ ನನ್ನ ಬಗ್ಗೆಯೂ ಬರೆದಿಡಬೇಕು. ನನ್ನ ಇಬ್ಬರು ಹೆಂಡತಿಯರೂ ತೀರಿಕೊಂಡಿದ್ದಾರೆ. ದಿಯಾಳ ತಾಯಿ ಹೆದ್ದಾರಿಯಲ್ಲಿ; ಪ್ರಗತಿ ಆಸ್ಪತ್ರೆಯಲ್ಲಿ. ನವೆಂಬರಿನಲ್ಲಿ ಕುಮುದಾ ಅವರನ್ನು ಮದುವೆಯಾಗುತ್ತಿದ್ದೇನೆ. ಮೂರು ಸಂಗತಿಗಳನ್ನೂ ಕೈ ಒಂದೇ ಸಮನಾಗಿ ಬರೆಯಿತು.

ಸೆಪ್ಟೆಂಬರ್ 14

ಸೀತಾಬಾಯಿ ಅತ್ತೆ ಅಪ್ಪನ ಚಿಕ್ಕಪ್ಪನ ಮಗಳು. ಲಿಟಲ್ ಎಲ್ಮ್‌ನಲ್ಲಿ ಮೊಮ್ಮಗನ ಮನೆಯಲ್ಲಿದ್ದಾಳೆ. ಕೆರೆಯ ಕಡೆಯ ಕಿಟಕಿಗೆ ಕುರ್ಚಿ ಹಾಕಿಕೊಂಡು, ದೋಣಿಯಲ್ಲಿ ಹೋಗುವವರ ಬಟ್ಟೆಬರೆಯ ಮೇಲೆ ಟೀಕೆ ಮಾಡುತ್ತ ಕುಳಿತಿದ್ದಳು.

"ಬಾರೋ ಮದುಮಗನ," ಎಂದಳು. "ಕೂದಲಾ ಉದುರಿದ್ರೂ ಚಟಾ ಹೋಗಿಲ್ಲ ನೋಡು."

ಬಿಸಿಲಾಬಾಯಿ ಯಾರು ಎಂದು ಕೇಳಿದೆ. ಅವಳ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು.

"ಯಾರ್ ಹೇಳಿದ್ರು ನಿನಗ ಆ ಹೆಸರು?"

"ಅಪ್ಪ ತರ್ಪಣದಾಗ ಹೇಳ್ತಿದ್ದ."

"ಹೇಳಲಿಕ್ಕೇ ಬೇಕಲ್ಲ. ಮನೀ ಸೊಸಿ ಆಕಿ." ಕುರ್ಚಿ ನನ್ನ ಕಡೆ ತಿರುಗಿಸಿಕೊಂಡಳು. "ಎಕ್ಕೀ ಗಿಡಪ್ಪಾ."

ಗಂಡಿನ ಮೂರನೆಯ ಮದುವೆ ಹೆಣ್ಣಿಗೆ ಒಳ್ಳೆಯದಲ್ಲವಂತೆ. ಅದಕ್ಕೆ ಮೂರನೆಯದನ್ನು ಎಕ್ಕದ ಗಿಡದೊಂದಿಗೆ ಮುಗಿಸುವುದು. ಗಿಡ ಸೂರ್ಯನ ಮಗಳು. ತಾಳಿ ಕಟ್ಟಿ, ಕೂಡಲೇ ಕಡಿದು, ತಲೆಯ ಮೇಲೆ ನೀರು ಹಾಕಿಕೊಂಡರೆ ಆಯಿತು. ಬರುವ ಕೇಡು ಗಿಡಕ್ಕೆ ಹೋಗುತ್ತದೆ, ಮನೆಗೆ ಬರುವವಳು ನಾಲ್ಕನೆಯವಳೆಂದು ಲೆಕ್ಕ. ಇಷ್ಟು ನಾನೂ ಕೇಳಿದ್ದೆ.

"ಎಲ್ಲಾರೂ ಹಂಗ ಮಾಡ್ತಾರ. ನಮ್ಮಜ್ಜ ತಪ್ಪು ಮಾಡಿದ. ನಮ್ಮಲ್ಲಿ ಲಗ್ನದಾಗ ತಾಟಿನ ಅಕ್ಕಿಯೊಳಗ ಉಂಗುರದ್ಲೆ ಸೊಸೀದು ಹೊಸಾ ಹೆಸರು ಬರೀತಾರಲ್ಲ? ಗಿಡಕ್ಕ ಯಾರೂ ಬರಿಯೂದಿಲ್ಲ. ಅಂವಾ ಎರಡು ಸಲ ಬರದ ಕೈ, ರೂಢಿ ನೋಡು, ಬರದಬಿಟ್ಟ. ಬರದು, ಕರದಬಿಟ್ಟ. ಆಮ್ಯಾಲ ಕುಡಗೋಲು ಎತ್ತಲಿಕ್ಕೆ ಕೈ ಬರಲಿಲ್ಲ."

"ಹಂಗಾದ್ರ ತುಳಸಾಬಾಯಿ?"

"ನಮ್ಮಜ್ಜಿ? ಆಕೀನೂ ಇದ್ಲು. ಭಾಳ ವರ್ಷ ಇದ್ಲು. ಅಜ್ಜ ಹಿತ್ತಲದಾಗ ಆ ಗಿಡದ ಜೋಡಿ ಮಾತಾಡೋದು ಮುಗಿಯೂ ತನಕ ಊಟಕ್ಕ ಹಾಕಿಕೊಂಡು ಕಾಯ್ತಿದ್ಲು. ಆಕೀನ್ನ ‘ಏ’ ಅಂತಿದ್ದ, ಅಷ್ಟ. ತುಳಸಾ ಅಂದದ್ದು ನಾ ಒಮ್ಮೆನೂ ಕೇಳಿಲ್ಲ."

ನಾನು ನಕ್ಕೆ. ಅತ್ತೆ ನಗಲಿಲ್ಲ.

"ನೀನೂ ಎಕ್ಕಿಗೆ ಕಟ್ಟು ಬದರಿ. ಎರಡು ಹೆಣ್ಣು ಕಳಕೊಂಡೀದಿ. ಈ ಹುಡಿಗೀಗೆ ಏನರೆ ಆದ್ರ? ಆದ್ರ ಹೆಸರು ಇಡಬ್ಯಾಡ. ತಾಟು ಹತ್ರಾನೂ ತರಗೊಡಬ್ಯಾಡ."

ನಲವತ್ತಾರರ ‘ಹುಡಿಗಿ’! ಕುಮುದಾ ಕೇಳಿದ್ದರೆ ಅತ್ತೆಯ ಕಾಲಿಗೆ ಬೀಳುತ್ತಿದ್ದರು.

ಸೆಪ್ಟೆಂಬರ್ 15

ಆಫೀಸಿನ ಪಾರ್ಕಿಂಗ್‌ನಿಂದ ಕುಮುದಾ ಅವರಿಗೆ ಫೋನ್ ಮಾಡಿ ಹೇಳಿದೆ. ಅವರು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವುದು, ತೈಲ ಕಂಪನಿಯೊಂದರಲ್ಲಿ ಪೈಪುಗಳ ಬಿರುಕು ಹುಡುಕುವ ಎಂಜಿನಿಯರ್. ಮೈಸೂರಿನವರು. ಇದುವರೆಗೆ ಮದುವೆಯಾಗಿಲ್ಲ.

"ಅಂದ್ರೆ ನಾನು ನಾಲ್ಕನೆಯವಳು! ಇದು ಪ್ರಮೋಷನ್ನೋ ಡಿಮೋಷನ್ನೋ ಹೇಳಿ ಮೊದ್ಲು."

"ನಿಮಗೆ ಬೇಡವಾದರೆ ಬೇಡ."

"ಅಯ್ಯೋ, ಮಾಡಿಕೊಳ್ಳಿ. ಅಮ್ಮ ಪಾಪ, ನಿಮ್ಮ ಜಾತಕ ನೋಡಿದಾಗಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಗಿಡ ನಾನೇ ಹುಡುಕ್ತೀನಿ, ಇಲ್ಲಿ ಚಿಟ್ಟೆ ಬರಲಿ ಅಂತ ನೆಡೋರಿಗೆ ಮಾರ್ತಾರೆ. ಆದ್ರೆ ಬದರಿ, ನನ್ನ ಮದುವೇಲಿ ಆ ಅಕ್ಕಿ ತಟ್ಟೆ ಇಟ್ರೆ ಕುಮುದಾ ಅಂತಲೇ ಬರೀಬೇಕು. ಹೊಸ ಹೆಸರು ಗಿಸರು ನಡೆಯಲ್ಲ. ದಿನಾ ಬರೆದು ಪ್ರಾಕ್ಟೀಸ್ ಮಾಡಿ, ಕೈ ತಪ್ಪಬಾರದು."

ತಮಾಷೆಗೇ ಹೇಳಿದ್ದು. ಮೀಟಿಂಗಿನಲ್ಲಿ ಕುಳಿತು ಮೇಜಿನ ಮೇಲೆ ಬೆರಳಿನಿಂದ ಬರೆದೆ. ಕು, ಮು, ದಾ. ಎಲ್ಲ ದುಂಡು ಅಕ್ಷರಗಳು.

ಸೆಪ್ಟೆಂಬರ್ 27

ಕುಮುದಾ ಹ್ಯೂಸ್ಟನ್‌ನ ನರ್ಸರಿಯಲ್ಲಿ ಗಿಡ ಸಿಕ್ಕಿತೆಂದು ತಾವೇ ಡ್ರೈವ್ ಮಾಡಿಕೊಂಡು ತಂದರು. ಸೊಂಟದೆತ್ತರ, ಬೂದಿ ಬಳಿದಂಥ ದಪ್ಪ ಎಲೆ. ಪಕ್ಕದ ಸೀಟಿನಲ್ಲಿತ್ತು, ಬೆಲ್ಟ್ ಹಾಕಿಕೊಂಡು.

"ಬೆಲ್ಟ್ ಹಾಕೋ ತನಕ ಕಾರು ಕುಂಯ್ ಕುಂಯ್ ಅಂತಲೇ ಇತ್ತು," ಎಂದರು. "ಕುಂಡದ ಭಾರಕ್ಕೆ. ಮನುಷ್ಯರು ಕೂತಿದಾರೆ ಅನ್ಕೊಂಡಿದೆ."

ಫಾರ್ಮರ್ಸ್ ಬ್ರಾಂಚ್‌ನ ನನ್ನ ಅಪಾರ್ಟ್‌ಮೆಂಟಿನ ಬಾಲ್ಕನಿ ಫ್ರೀವೇ ಕಡೆಗಿದೆ. ಇಬ್ಬರೂ ಸೇರಿ ಕುಂಡವನ್ನು ಅಲ್ಲಿಗೆ ಎತ್ತಿದೆವು. ಕುಮುದಾ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, "ನೋಡಮ್ಮಾ ಸವತಿ, ಇವರಿಗೆ ಕಾಫೀಲಿ ಸಕ್ಕರೆ ಕಮ್ಮಿ," ಎಂದು ಗಿಡಕ್ಕೆ ಹೇಳಿದರು. ನಗುವಾಗ ಅವರು ನನ್ನ ತೋಳು ಹಿಡಿಯುತ್ತಾರೆ. ಅದು ಇಷ್ಟವಾಗುತ್ತದೆ ಎಂದು ಇದುವರೆಗೆ ಹೇಳಿಲ್ಲ. ಹೇಳಬೇಕು.

ಅಕ್ಟೋಬರ್ 3

ಗಿಡ ಚೆನ್ನಾಗಿದೆ. ಹೆಚ್ಚು ನೀರು ಬೇಡ ಅದಕ್ಕೆ. ಎದುರಿನ ಆಫೀಸ್ ಕಟ್ಟಡದ ಗಾಜಿನಿಂದ ಬಿಸಿಲು ತಿರುಗಿ ಬರುವುದರಿಂದ ಎಲೆಗಳು ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ಮನೆಯ ಕಡೆ ತಿರುಗಿವೆ.

ಅಕ್ಟೋಬರ್ 11

ಆಸ್ಟಿನ್. ಆತ್ರೇಯಾಚಾರ್ಯರ ಹಿತ್ತಲು. ವಾರವೆಲ್ಲ ಕೋಡ್ ಬರೆದು ಶನಿವಾರ ಪೌರೋಹಿತ್ಯ ಮಾಡುವ ಹುರುಪಿನ ಮನುಷ್ಯ. ಈ ವಿಧಿ ಮಾಡಿಸುತ್ತಿರುವುದು ಇದೇ ಮೊದಲು ಎಂದು ಸಂಕೋಚವಿಲ್ಲದೆ ಹೇಳಿದರು. ಮದುವೆಯ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಅದರಿಂದ ಒಂದೊಂದೇ ತೆಗೆದು ಜೋಡಿಸಿದರು. ಕುಮುದಾ ಇರಬಾರದಂತೆ. ದಿಯಾ ಬಂದಿದ್ದಳು, ಫೋಟೋ ತೆಗೆಯಲು.

"ಅಪ್ಪಾ, ಟೆಕ್ನಿಕಲಿ ಶಿ ಈಸ್ ಮೈ ಸ್ಟೆಪ್‌ಮಾಮ್, ರೈಟ್?"

"ಸುಮ್ನಿರು."

"ನಾನೇ ಕನ್ಯಾಪಿತೃ," ಎಂದು ಆಚಾರ್ಯರು ನಕ್ಕರು. "ಅಳಿಯ ನನಗಿಂತ ಹತ್ತೊಂಬತ್ತು ವರ್ಷ ದೊಡ್ಡವರು."

ಗಿಡಕ್ಕೆ ಖಣದ ಕುಬುಸ ಸುತ್ತಿದರು. ನಾನು ಅರಿಸಿನದ ದಾರ ಕಟ್ಟಿದೆ. ಒಂದು ಎಲೆ ಮುರಿದು ಬೆರಳಿಗೆ ಹಾಲು ಹತ್ತಿತು. ಆಚಾರ್ಯರು ಪೆಟ್ಟಿಗೆಯಿಂದ ಅಕ್ಕಿ ತುಂಬಿದ ತಟ್ಟೆ ತೆಗೆದಿಟ್ಟರು. ಮದುವೆಯೆಂದರೆ ಅದೂ ಇರುತ್ತದೆ. ಅತ್ತೆಯ ಮಾತು ನನಗೆ ನೆನಪಿರಲಿಲ್ಲವೆಂದಲ್ಲ. ತಟ್ಟೆ ಮುಂದೆ ಇತ್ತು, ಉಂಗುರ ಕೈಯಲ್ಲಿತ್ತು.

ಬರೆದೆ.

"ಈಗ ಮೂರು ಸಲ ಕರೀರಿ," ಎಂದರು ಆಚಾರ್ಯರು, ಮುಂದಿನದನ್ನು ಫೋನಿನಲ್ಲಿ ಹುಡುಕುತ್ತ. ಕರೆದೆ.

ದಿಯಾಳ ಕೈಯಲ್ಲಿದ್ದ ಫೋನ್ ಕೆಳಗಿಳಿಯಿತು. "ಅಪ್ಪಾ. ಕುಮುದಾ ಅಂತ ಬರ್ದಿದೀಯ."

ಆಚಾರ್ಯರು ಬಗ್ಗಿ ತಟ್ಟೆ ನೋಡಿದರು. ಆಮೇಲೆ ಗಿಡ ನೋಡಿದರು. ಆಮೇಲೆ, ನನ್ನ ಕಾಲ ಬಳಿ ಇಟ್ಟಿದ್ದ ಕತ್ತಿಯನ್ನು.

"ಅಳಿಸಿ ಬೇರೆ ಬರೀರಿ ಸಾರ್."

"ಕರೆದಾಗಿದೆ."

"ಹೌದು. ಕರೆದಾಗಿದೆ." ಅವರ ಹುರುಪು ಇಳಿಯಿತು. "ನಮ್ಮ ಗುರುಗಳಿಗೆ ಫೋನ್ ಮಾಡಿ ಕೇಳ್ತೀನಿ. ಇದಕ್ಕೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ."

ಕಡಿಯಬೇಕಾದದ್ದು ಕುಮುದಾ ಎಂಬ ಹೆಸರಿನದು. ಇದು ನನಗೆ ಆ ಕ್ಷಣ ಬಹಳ ಸರಳವಾಗಿ ಕಂಡಿತು. ಹೀಗಾಗಿ ಕಡಿಯಲಿಲ್ಲ. ಗಿಡವನ್ನು ಮತ್ತೆ ಕಾರಿಗೆ ಹಾಕಿಕೊಂಡೆ. ಕೂರಿಸುವಾಗ ಮೊದಲೇ ಬೆಲ್ಟ್ ಹಾಕಿದೆ.

ಅಕ್ಟೋಬರ್ 13

ಎಡಗಣ್ಣು ಮಂಜು. ಎಕ್ಕದ ಹಾಲಿನ ಕೈಯಲ್ಲಿ ಉಜ್ಜಿಕೊಂಡಿರಬೇಕು. ಡಾಕ್ಟರು ಡ್ರಾಪ್ಸ್ ಕೊಟ್ಟರು, ಕೆಲವು ವಾರ ಹಿಡಿಯಬಹುದಂತೆ. ನೋವು ಏನೂ ಇಲ್ಲ. ದೀಪಗಳ ಸುತ್ತ ಬಳೆಯಂಥ ಬೆಳಕು. ಬಾಲ್ಕನಿಯಲ್ಲಿ ಯಾರೋ ಕುಬುಸ ತೊಟ್ಟು ನಿಂತ ಹಾಗೆ ಕಂಡು, ಕಾಫಿ ಬೇಕೇ ಎಂದು ಕೇಳಲು ಬಾಯಿ ತೆರೆದೆ. ಖಣ ಬಿಚ್ಚುವುದನ್ನು ಮರೆತಿದ್ದೆ. ಈಗ ಬಿಚ್ಚುವುದು ಸರಿಯಲ್ಲ.

ಅಕ್ಟೋಬರ್ 16

ಕುಮುದಾ ಅವರಿಗೆ ದಿಯಾ ಹೇಳಿಬಿಟ್ಟಿದ್ದಾಳೆ. ಕುಮುದಾ ಫೋನ್ ಮಾಡಿದಾಗ ಮೊದಲು ಇಬ್ಬರೂ ಹವೆಯ ವಿಷಯ ಮಾತಾಡಿದೆವು.

"ಕತ್ತರಿಸಿಬಿಡಿ ಬದರಿ."

"ನಿಮ್ಮ ಹೆಸರಿದೆ."

"ನಾನು ಇದನ್ನೆಲ್ಲ ನಂಬೋಳಲ್ಲ. ನೀವೂ ಅಲ್ಲ. ಹಂಗಿದ್ರೆ ಯಾಕೆ ಕತ್ತರಿಸ್ತಿಲ್ಲ?"

ನಾನು ಏನೋ ಹೇಳಿದೆ.

"ಸರಿ. ನಾನೇ ಬೇರೆ ಹೆಸರು ಇಟ್ಕೋತೀನಿ. ನೀವು ಏನು ಬರೆದ್ರೂ ಸರಿ. ಆಯ್ತಾ? ಆಗಲಾದ್ರೂ ಕತ್ತರಿಸ್ತೀರಾ?"

ಅಷ್ಟು ಹಟ ಹಿಡಿದಿದ್ದವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರು. ನನಗೆ ಸಂತೋಷವಾಗಬೇಕಿತ್ತು. ಅವರು ಮಾತಾಡುತ್ತಿರುವಾಗ ನಾನು ಗಮನಿಸುತ್ತಿದ್ದದ್ದು ಹೊಸ ಮೊಗ್ಗಿನ ಗೊಂಚಲನ್ನು. ಭಾನುವಾರ ಕತ್ತರಿಸುತ್ತೇನೆ ಎಂದೆ.

ಅಕ್ಟೋಬರ್ 19

ಭಾನುವಾರ. ಮೊಗ್ಗು ಬಿಟ್ಟಿರುವಾಗ ಬೇಡ.

ಅಕ್ಟೋಬರ್ 23

ದಕ್ಷಿಣಕ್ಕೆ ಹೋಗುವ ಚಿಟ್ಟೆಗಳು ಊರಿನ ಮೇಲೆ ಹಾಯುತ್ತಿವೆ. ಯಾವುದೋ ಒಂದು ಇಲ್ಲಿ ಇಳಿದು ಮೊಟ್ಟೆ ಇಟ್ಟಿತ್ತೆಂದು ಕಾಣುತ್ತದೆ. ಬೆಳಿಗ್ಗೆ ನೋಡಿದರೆ ಅವಳ ಮೈಮೇಲೆಲ್ಲ ಪಟ್ಟೆಪಟ್ಟೆಯ ಹುಳಗಳು. ಎಲೆಗಳು ನಾರು ಮಾತ್ರ. ತಿನ್ನುವ ಸದ್ದು ಕೇಳುತ್ತದೆ, ಕಿವಿ ಹತ್ತಿರ ಒಯ್ದರೆ.

ಹತ್ತು ಗಂಟೆಗೆ ಕುಮುದಾ ಅವರ ಫೋನ್. ಧ್ವನಿ ಇಲ್ಲ, ಬರೀ ಉಸಿರು. "ಜ್ವರ. ಗಂಟಲು ಪೂರ್ತಿ ಹೋಗಿದೆ. ಬರ್ತೀರಾ?"

ಬರುತ್ತೇನೆ ಎಂದೆ. ಆಫೀಸಿಗೆ ರಜೆ ಹಾಕಿದೆ. ಮನೆಯಲ್ಲಿ ಕಾಯಿಲೆ ಎಂದು ಕಾರಣ ಕೊಟ್ಟೆ. ಕೈಗವಸು ಹಾಕಿಕೊಂಡು ಒಂದೊಂದೇ ಹುಳ ಬಿಡಿಸತೊಡಗಿದೆ. ಕಾಂಡದ ಸಂದಿಯಲ್ಲಿ, ಖಣದ ಮಡಿಕೆಯಲ್ಲಿ, ಎಲ್ಲೆಲ್ಲೂ. ಒರಟಾಗಿ ಎಳೆದರೆ ಅವಳಿಗೆ ಗಾಯವಾಗಿ ಹಾಲು ಸುರಿಯುತ್ತದೆ. ತಾಳ್ಮೆ ಬೇಕು.

ಅಕ್ಟೋಬರ್ 24

ರಜೆ. ಹುಳಗಳು ಮತ್ತೆ ಇವೆ. ದಿಯಾಳ ಮಿಸ್ಡ್ ಕಾಲ್‌ಗಳು. ಆಮೇಲೆ ಮಾಡಿದರಾಯಿತು.

ಅಕ್ಟೋಬರ್ 26

ಇವತ್ತು ತುದಿಯಲ್ಲಿ ಹಸಿರು ಚಿಗುರು, ಅಕ್ಕಿಕಾಳಿನಷ್ಟು. ನನಗೆ ಕಣ್ಣೀರು ಬಂತು, ಡ್ರಾಪ್ಸ್ ಇರಬೇಕು. ಮಧ್ಯಾಹ್ನ ದಿಯಾಳ ಫೋನ್ ಎತ್ತಿದೆ.

"ಶಿ ವಾಸ್ ಇನ್ ದ ಹಾಸ್ಪಿಟಲ್, ಅಪ್ಪಾ! ನ್ಯುಮೋನಿಯಾ! ನಾನು ಆಸ್ಟಿನ್‌ನಿಂದ ಹೋದೆ. ವೇರ್ ವರ್ ಯೂ?"

"ಈಗ ಹೇಗಿದ್ದಾರೆ?"

"ಬೆಟರ್. ಇವತ್ತು ಬೆಳಿಗ್ಗೆಯಿಂದ ಬೆಟರ್."

"ಗೊತ್ತು," ಎಂದೆ. ಅವಳು ಫೋನ್ ಇಟ್ಟುಬಿಟ್ಟಳು.

ನನ್ನ ಮೇಲೆ ಅವಳಿಗೇಕೆ ಸಿಟ್ಟು ಎಂದು ಯೋಚಿಸಿದೆ. ನಾಲ್ಕು ದಿನ ನಾನು ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ದಿಯಾಳ ತಾಯಿಯ ಹತ್ತಿರ ನಾನಿರಲಿಲ್ಲ, ಪ್ರಗತಿಯ ಹತ್ತಿರ ಇದ್ದೂ ಏನೂ ಮಾಡಲಾಗಲಿಲ್ಲ. ಈ ಸಲ ಕೈಯಿಂದ ಮಾಡಲು ಏನೋ ಇತ್ತು, ಮಾಡಿದೆ, ಉಳಿದರು. ಇದನ್ನು ಹೇಗೆ ವಿವರಿಸುವುದು?

ನವೆಂಬರ್ 8

ಕುಮುದಾ ಬಂದಿದ್ದರು. ಹೇಳದೆ ಬಂದರು. ಬಿಸಿಲು ಬಾಗಿಲಲ್ಲೇ ಇದ್ದುದರಿಂದ ಮೊದಲು ಯಾರೆಂದು ತಿಳಿಯಲಿಲ್ಲ. ತೆಳ್ಳಗಾಗಿದ್ದಾರೆ. ಧ್ವನಿ ಪೂರ್ತಿ ಮರಳಿಲ್ಲ. ನೇರ ಬಾಲ್ಕನಿಗೆ ಹೋಗಿ ನಿಂತರು. ಖಣ, ದಾರ, ಹೊಸ ಎಲೆ, ಕುಂಡದ ಬಳಿಯ ಕಾಫಿ ಲೋಟ ಎಲ್ಲವನ್ನೂ ಪೈಪು ನೋಡುವ ಹಾಗೆ ನೋಡಿದರು.

"ನಾನು ಆಸ್ಪತ್ರೇಲಿದ್ದೆ ಬದರಿ."

"ಅದಕ್ಕೇ ರಜೆ ಹಾಕಿದ್ದೆ."

"ಹಾಕಿ ಎಲ್ಲಿದ್ರಿ?"

"ಇಲ್ಲೇ. ಪೂರ್ತಿ ಇಲ್ಲೇ. ನೋಡಿ, ಹೇಗೆ ಚಿಗುರಿದೆ."

ಅವರು ಅಡುಗೆಮನೆಗೆ ಹೋಗಿ ಚಾಕು ತಂದರು. ಬುಡಕ್ಕೆ ಇಟ್ಟರು. ತೊಗಟೆ ಸೀಳಿ ಒಂದು ಗೆರೆ ಹಾಲು ಬಂತು.

"ಬೇಡ!" ನಾನು ಕೂಗಿರಬೇಕು, ಪಕ್ಕದ ಬಾಲ್ಕನಿಯಲ್ಲಿ ನಾಯಿ ಬೊಗಳಿತು. "ಅವಳಿಗೆ ಏನಾದರೂ ಆದರೆ!"

ಕುಮುದಾ ಚಾಕು ಹಿಡಿದೇ ನಿಂತು ನನ್ನನ್ನು ನೋಡಿದರು. "ಯಾರಿಗೆ?"

ಉತ್ತರ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟೇ. ಯಾರಿಗಾದರೂ ಹಿಡಿಯುತ್ತದೆ.

ಅವರು ಚಾಕು ತೊಳೆದರು. ಕೈಯನ್ನೂ ತೊಳೆದರು, ಸೋಪು ಹಾಕಿ, ಬಹಳ ಸಾವಧಾನವಾಗಿ.

"ನಾಲ್ಕನೆಯವಳಾಗೋಕೆ ಒಪ್ಪಿದ್ದೆ," ಎಂದರು. "ಎರಡನೇ ಕುಮುದಾ ಆಗಲಾರೆ. ಹೆಸರು ಇಲ್ಲೇ ಇರಲಿ. ಇಪ್ಪತ್ತೆರಡನೇ ತಾರೀಖಿನ ಹಾಲ್ ಬುಕಿಂಗು ನಾನೇ ಕ್ಯಾನ್ಸಲ್ ಮಾಡ್ತೀನಿ. ನನಗೆ ಬೇರೆ ಹೆಸರು ಇಟ್ಕೊಂಡಿದೀನಿ, ಆಸ್ಪತ್ರೇಲಿ ಮಲಗಿದ್ದಾಗಲೇ. ನಿಮಗೆ ಹೇಳಲ್ಲ."

ಬಾಗಿಲಲ್ಲಿ ತಿರುಗಿ, "ಕಣ್ಣು ಮತ್ತೊಂದು ಸಲ ತೋರಿಸಿ," ಎಂದರು.

ಅವರು ಹೋದ ಮೇಲೆ ಗಾಯಕ್ಕೆ ಅರಿಸಿನ ಮೆತ್ತಿದೆ.

ನವೆಂಬರ್ 10

ಮೊದಲ ಚಳಿಗಾಳಿ. ಕುಂಡವನ್ನು ಒಳಗೆ ಎಳೆದುಕೊಂಡೆ. ಒಬ್ಬನೇ ಎತ್ತುವುದು ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ನವೆಂಬರ್ 22

ಒಳ್ಳೆಯ ಬಿಸಿಲು. ಕಣ್ಣು ಸುಮಾರಾಗಿ ಸರಿಹೋಗಿದೆ. ಕುಮುದಾ ಕಿಟಕಿಯ ಬಳಿ ಇದ್ದಾಳೆ. ಬೆಳಿಗ್ಗೆ ಮೊದಲ ಹೂ ಬಿಟ್ಟಿದ್ದಾಳೆ, ತಿಳಿ ನೇರಳೆ. ಯಾರಿಗಾದರೂ ಹೇಳಬೇಕೆನಿಸಿತು. ದಿಯಾ ಎತ್ತಲಿಲ್ಲ. ಕೇಟಿಯ ನಂಬರಿಗೆ ಮಾಡಿದೆ.

ಯಾರೂ ಎತ್ತದಿದ್ದರೆ ಅಲ್ಲಿ ಯಂತ್ರ ಮಾತಾಡುತ್ತದೆ: ನೀವು ಕರೆ ಮಾಡಿರುವುದು ಇಂಥವರಿಗೆ, ಅವರು ಈಗ ಸಿಗುವುದಿಲ್ಲ. ‘ಇಂಥವರಿಗೆ’ ಎಂಬ ಜಾಗದಲ್ಲಿ ಮೊದಲು ಅವರದೇ ಧ್ವನಿ ಇರುತ್ತಿತ್ತು, ಸ್ವಲ್ಪ ಅವಸರದಲ್ಲಿ, ಕುಮುದಾ ಎಂದು. ಇವತ್ತು ಯಂತ್ರ ಅಲ್ಲಿಗೆ ಬಂದು ನಿಂತಿತು. ಮಾತಿಲ್ಲ. ಆದರೆ ಖಾಲಿಯೂ ಅಲ್ಲ: ದೂರದಲ್ಲಿ ಪಾತ್ರೆ ಇಟ್ಟ ಸದ್ದು, ಒಂದು ಉಸಿರು, ಹೇಳಲು ಹೊರಟು ಬಿಟ್ಟಂತೆ. ಆಮೇಲೆ ಯಂತ್ರ ಮುಂದುವರಿಯಿತು. ಮತ್ತೆ ಮಾಡಿದೆ. ಮತ್ತೆ ಅದೇ ಉಸಿರು.

ಸಂದೇಶ ಬಿಡಬೇಕೆಂದರೆ ಮೊದಲು ಕರೆಯಬೇಕಲ್ಲ. ಬಾಯಿ ತೆರೆದಾಗ ಬಂದ ಹೆಸರಿಗೆ ಕಿಟಕಿಯ ಬಳಿ ಎಲೆ ಅಲುಗಿತು, ಫೋನ್ ಇಟ್ಟುಬಿಟ್ಟೆ.

ಅಲ್ಲಿ, ಕೇಟಿಯ ನಿಮ್ಮ ಮನೆಯಲ್ಲಿ, ಈ ಬೆಳಿಗ್ಗೆ ನಿಮ್ಮನ್ನು ಯಾರಾದರೂ ಕರೆದರೇ? ಏನೆಂದು ಕರೆದಾಗ ತಿರುಗಿ ನೋಡಿದಿರಿ?